ಚಿಪ್‌ನೊಳಗಿನ ಕಾವಲುಗಾರ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನನ್ನ ಕೆಲಸದ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಯಂತ್ರಗಳ ಒಳಗಿರುವ ಸಣ್ಣ ಕಂಪ್ಯೂಟರ್ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಇಂಥ ಚಿಪ್ ವಾಷಿಂಗ್ ಮೆಷಿನ್‌ನಲ್ಲಿದೆ, ಈಗಿನ ಕರೆಂಟ್ ಮೀಟರಿನಲ್ಲಿದೆ, ತೋಟದ ಮೋಟಾರ್ ಸ್ಟಾರ್ಟರ್ ಪೆಟ್ಟಿಗೆಗೂ ಬಂದಿದೆ.

ಮನೆಯ ಕಂಪ್ಯೂಟರ್ ನಿಂತಲ್ಲೇ ನಿಂತರೆ ನಾವು ಆಫ್ ಮಾಡಿ ಆನ್ ಮಾಡುತ್ತೇವೆ. ತೋಟದ ಪೆಟ್ಟಿಗೆಯ ಚಿಪ್ ನಡುರಾತ್ರಿ ನಿಂತರೆ ಯಾರು ಆಫ್ ಮಾಡಬೇಕು? ಅದಕ್ಕೇ ಚಿಪ್‌ನೊಳಗೆ ಒಂದು ಬೇರೆ ಗಡಿಯಾರ ಇಟ್ಟಿರುತ್ತಾರೆ. ಅದರ ಹೆಸರು ವಾಚ್‌ಡಾಗ್ ಟೈಮರ್, ಅಂದರೆ ಕಾವಲು ನಾಯಿ. ಪ್ರೋಗ್ರಾಂ ಆಗಾಗ ಅದಕ್ಕೆ 'ಹಾಜರ್' ಹೇಳುತ್ತಿರಬೇಕು. ಹೇಳಿದಾಗಲೆಲ್ಲ ಎಣಿಕೆ ಮೊದಲಿನಿಂದ ಶುರು. ಗಡುವಿನೊಳಗೆ ಹೇಳದಿದ್ದರೆ ಅದು ಚಿಪ್ಪನ್ನೇ ರೀಸೆಟ್ ಮಾಡಿಬಿಡುತ್ತದೆ. ನಮ್ಮ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ತರುವ ಆರ್ಡುಯಿನೊ ಉನೊ ಬೋರ್ಡಿನ ಚಿಪ್‌ನಲ್ಲೂ ಇದಿದೆ. ಅಲ್ಲಿ ಗಡುವನ್ನು ಸುಮಾರು 16 ಮಿಲಿಸೆಕೆಂಡಿನಿಂದ 8 ಸೆಕೆಂಡಿನವರೆಗೆ ಇಡಬಹುದು.

1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿತು. ಮುಖ್ಯವಾದ ಒಂದು ಕೆಲಸ ಸಮಯಕ್ಕೆ ಮುಗಿಯದಿರುವುದನ್ನು ಕಾವಲು ವ್ಯವಸ್ಥೆ ಕಂಡುಹಿಡಿದು ರೀಸೆಟ್ ಮಾಡುತ್ತಿತ್ತು. ಭೂಮಿಯ ಮೇಲಿದ್ದ ಜೋಡಿ ಯಂತ್ರದಲ್ಲಿ ಎಂಜಿನಿಯರುಗಳು ಅದೇ ತೊಂದರೆಯನ್ನು ಮರಳಿ ಬರಿಸಿ, ಕಾರಣ ಹುಡುಕಿ, ಇಲ್ಲಿಂದಲೇ ತಿದ್ದುಪಡಿ ಕಳಿಸಿದರು. ರೀಸ್ಟಾರ್ಟ್ ನೌಕೆಯನ್ನು ಉಳಿಸಿತು, ಆದರೆ ರೋಗ ವಾಸಿಯಾದದ್ದು ಕಾರಣ ಹುಡುಕಿದ ಮೇಲೆ.

ಇನ್ನು ನನ್ನ ತಪ್ಪಿನ ಕತೆ. ನಾನು ಪ್ರೋಗ್ರಾಂ ಬರೆದ ಪೆಟ್ಟಿಗೆಯೊಂದು ಒಬ್ಬ ರೈತರ ತೋಟದಲ್ಲಿತ್ತು. ಬೋರ್‌ವೆಲ್‌ನಲ್ಲಿ ನೀರು ನಿಂತರೆ ಮೋಟಾರ್ ಆಫ್ ಮಾಡುವುದು ಅದರ ಕೆಲಸ. ಒಂದು ರಾತ್ರಿ ಪ್ರೋಗ್ರಾಂ ನಡುವೆ ಸಿಕ್ಕಿಹಾಕಿಕೊಂಡಿತು. ನೀರಿಲ್ಲದೆ ಬೆಳಗಿನವರೆಗೆ ಓಡಿ ಮೋಟಾರ್ ಸುಟ್ಟುಹೋಯಿತು. ಕಾವಲು ನಾಯಿ ಇತ್ತು, ಆದರೆ ಬೊಗಳಲಿಲ್ಲ. ಏಕೆಂದರೆ 'ಹಾಜರ್' ಹೇಳುವ ಸಾಲನ್ನು ನಾನು ಮುಖ್ಯ ಕೆಲಸದಲ್ಲಿ ಬರೆದಿರಲಿಲ್ಲ. ಮುಖ್ಯ ಕೆಲಸ ನಿಂತರೂ ತನ್ನ ಪಾಡಿಗೆ ಓಡುತ್ತಲೇ ಇರುವ ಇನ್ನೊಂದು ತುಣುಕಿನಲ್ಲಿ ಬರೆದಿದ್ದೆ.

ಇದೇ ಶಾಲೆಯಲ್ಲಿ ನಾವು ಮಾಡುತ್ತಿದ್ದದ್ದೂ ಇದನ್ನೇ. ಗೆಳೆಯ ಮಾವಿನ ತೋಪಿನಲ್ಲಿದ್ದರೆ ಅವನ ಪರವಾಗಿ ಹಿಂದಿನ ಬೆಂಚಿನಿಂದ "ಹಾಜರ್ ಸಾರ್" ಎನ್ನುತ್ತಿದ್ದೆವು. ನಮ್ಮ ಗಣಿತದ ಮೇಷ್ಟ್ರು ಮಾತ್ರ ಪುಸ್ತಕದಿಂದ ತಲೆಯೆತ್ತಿ ಮುಖ ನೋಡಿಯೇ ಗುರುತು ಹಾಕುತ್ತಿದ್ದರು. ಆ ಪಾಠವನ್ನು ನಾನು ಕಲಿತದ್ದು ಮೋಟಾರ್ ಸುಟ್ಟ ಮೇಲೆ.

ಈಗ ನನ್ನ ಪ್ರೋಗ್ರಾಂ ಕರೆಂಟ್ ಅಳೆದು, ನೀರು ನೋಡಿ, ಮೋಟಾರ್ ಇರಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಈ ಮೂರೂ ಮುಗಿದರೆ ಮಾತ್ರ 'ಹಾಜರ್'. ರೀಸೆಟ್ ಆದ ಕ್ಷಣ ಮೋಟಾರ್ ಆಫ್ ಆಗಿರುತ್ತದೆ, ಎಲ್ಲ ಸರಿಯಿದೆ ಎಂದು ನೋಡಿದ ಮೇಲೆಯೇ ಆನ್. ರೀಸೆಟ್ ಆದದ್ದು ಕರೆಂಟ್ ಹೋಗಿಯೋ ಕಾವಲು ನಾಯಿಯಿಂದಲೋ ಎಂಬುದನ್ನೂ ಬರೆದಿಡುತ್ತದೆ. ಆ ಬರಹ ಓದಿಯೇ ನಾನು ತಪ್ಪು ಹುಡುಕುವುದು.

ಆ ರೈತರಿಗೆ ಹೊಸ ಮೋಟಾರ್ ಕೊಡಿಸಿದೆವು. ಹಳೆಯದನ್ನು ಎತ್ತಿ ಹೊಸದನ್ನು ಇಳಿಸುವಷ್ಟರಲ್ಲಿ ಹತ್ತು ದಿನ ನೀರಿಲ್ಲದೆ ಅವರ ಟೊಮೆಟೊ ಒಣಗಿತ್ತು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರೇ, "ಮುಂದಿನವರಿಗಾದರೂ ಸರಿಮಾಡಿ ಕೊಡಪ್ಪ" ಎಂದರು. ಅಂದಿನಿಂದ ಅದನ್ನೇ ಮಾಡುತ್ತಿದ್ದೇನೆ.