ಬಿಡುವು ಯಾರ ಪಾಲಿಗೆ?

ಗಂಡ ಹೆಂಡತಿಯ ಅಭಿರುಚಿ ಒಂದೇ ಆಗಿದ್ದರೆ ಸಂಸಾರ ಸುಗಮ ಎನ್ನುವ ಮಾತಿದೆ. ನನಗೇಕೋ ಅಭಿರುಚಿಗಿಂತ ಬಿಡುವಿನ ಲೆಕ್ಕವೇ ದೊಡ್ಡದೆನಿಸುತ್ತದೆ. ಒಬ್ಬರಿಗೆ ಕ್ರಿಕೆಟ್, ಇನ್ನೊಬ್ಬರಿಗೆ ಭಾವಗೀತೆ ಇಷ್ಟವಾದರೆ ತೊಂದರೆಯೇನಿಲ್ಲ. ಅದಕ್ಕೆ ಇಬ್ಬರಿಗೂ ಹೊತ್ತು ಸಿಗುತ್ತದೆಯೇ ಎಂಬುದು ಪ್ರಶ್ನೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಆರು ವರ್ಷ ಮೇಲ್ಪಟ್ಟವರಲ್ಲಿ ಅಂಥವರು ನೂರಕ್ಕೆ ಸುಮಾರು 26. ‘ಆಕೆ ಸಂಜೆಯೆಲ್ಲ ಧಾರಾವಾಹಿ ನೋಡುತ್ತಾಳಲ್ಲ’ ಎಂಬ ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ. ನೋಡುವುದು ಹೇಗೆ ಎಂಬುದನ್ನೂ ಗಮನಿಸಬೇಕು. ಎದುರಿಗೆ ಪಾತ್ರೆ ತುಂಬ ನೆನೆದ ಅವರೆಕಾಳು. ಬೆರಳು ಹಿತುಕುತ್ತಿರುತ್ತದೆ, ಕಿವಿ ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ. ಜಾಹೀರಾತು ಬಂದಾಗ ಒಗ್ಗರಣೆ. ಕ್ರಿಕೆಟ್ ನೋಡುವವರ ಕೈಯಲ್ಲಿ ಸಾಮಾನ್ಯವಾಗಿ ಕಾಫಿ ಲೋಟ ಮಾತ್ರ, ಅದೂ ಇನ್ನೊಬ್ಬರು ತಂದುಕೊಟ್ಟದ್ದು.

ಅಡುಗೆಯೇ ಆಕೆಯ ಹವ್ಯಾಸ ಎನ್ನುವವರೂ ಉಂಟು. ಕೆಲವರಿಗೆ ಅದು ನಿಜವೂ ಹೌದು. ಆದರೆ ಮನಸ್ಸಿಲ್ಲದ ದಿನ ಕೈಬಿಡಬಹುದಾದದ್ದು ಹವ್ಯಾಸ. ಮನಸ್ಸಿಲ್ಲದಿದ್ದರೂ ರಾತ್ರಿ ಎಂಟಕ್ಕೆ ಸಾರು ಕುದಿಯಲೇಬೇಕಿದ್ದರೆ ಅದು ಕೆಲಸ. ಗಂಡ ಹೊರಗೆ ದುಡಿದು ದಣಿದಿರುತ್ತಾನೆ ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪೋಣ. ಹೆಂಡತಿಯೂ ಹೊರಗೆ ದುಡಿಯುವ ಮನೆಗಳಲ್ಲಿ ಮಾತ್ರ ಆ ವಾದ ನಿಲ್ಲುವುದಿಲ್ಲ. ಅಲ್ಲಿ ಭಾನುವಾರದ ತಿಂಡಿ ಗಂಡನ ಪಾಲಿಗೆ ಬಂದರೆ, ವೀಣೆಗೋ ಕಸೂತಿಗೋ ಆಕೆಗೆ ಎರಡು ಗಂಟೆ ಉಳಿಯುತ್ತದೆ. ಮೊದಲೆರಡು ವಾರ ಉಪ್ಪಿಟ್ಟು ಗಂಟುಗಟ್ಟೀತು, ಅಷ್ಟೇ.