ಕೊಡದೆ ಉಳಿಸಿದ್ದರಲ್ಲೇ ಇದೆ ಜಾಣ್ಮೆ

ಚಿಂತಾಮಣಿ ಮಾರುಕಟ್ಟೆಯಿಂದ ಟೊಮೇಟೊ ಕ್ರೇಟುಗಳನ್ನು ಎತ್ತರಕ್ಕೆ ಪೇರಿಸಿಕೊಂಡು ಹೊರಟ ಲಾರಿ ತಿರುವಿನಲ್ಲಿ ಹೇಗೆ ವಾಲುತ್ತದೆಂದು ನೋಡಿದ್ದೀರಿ. ಭಾರ ಮೇಲೇರಿದಷ್ಟೂ ಡ್ರೈವರಿಗೆ ಎದೆಬಡಿತ. ಒಬ್ಬರೇ ಕೂರುವ ರೇಸ್ ಕಾರು ಇದಕ್ಕೆ ತದ್ವಿರುದ್ಧ. ಅದರೊಳಗೆ ಕೂರುವುದೇನು, ಹೆಚ್ಚುಕಡಿಮೆ ಮಲಗುವುದೇ ಸರಿ. ಕಾಲು ಮುಂದಕ್ಕೆ ಚಾಚಿ, ಸೊಂಟ ನೆಲದಿಂದ ಗೇಣಿನಷ್ಟೂ ಮೇಲಿರುವುದಿಲ್ಲ. ಎಂಜಿನ್ನು ಬೆನ್ನ ಹಿಂದೆ.

ಕಲಿಯುವ ಹುಡುಗರಿಗೆ ಇಂಥ ಕಾರು ಕಟ್ಟುವವರಿಗೆ ಏನನ್ನು ಕೊಡಬಾರದು ಎಂಬುದೇ ದೊಡ್ಡ ತಲೆನೋವು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಕಂಡುಕೊಂಡ ಉತ್ತರ ನನಗೆ ಇವತ್ತಿಗೂ ಇಷ್ಟ. ಊರೂರಿಗೆ ಬಂದಿದ್ದ ಮಾರುತಿ 800ರ ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ನನ್ನೇ ಅವರು ತಮ್ಮ ಫಾರ್ಮುಲಾ ಮಾರುತಿ ಎಂಬ ರೇಸ್ ಕಾರಿಗೆ ಇಟ್ಟರು. ಚೇಳೂರು ರಸ್ತೆಯ ಮೆಕ್ಯಾನಿಕ್ಕೂ ಕಣ್ಣುಮುಚ್ಚಿ ಬಿಚ್ಚಬಲ್ಲ ಎಂಜಿನ್ ಅದು! 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನರೇನ್ ಕಾರ್ತಿಕೇಯನ್ ಮೊದಲು ಓಡಿಸಿದ್ದೂ ಈ ಪುಟ್ಟ ಕಾರನ್ನೇ.

2014ರಲ್ಲಿ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಫಾರ್ಮುಲಾ 4 ಎಂಬ, ಕಲಿಯುವವರ ರೇಸ್ ಸರಣಿ ಶುರುವಾದಾಗಲೂ ಇದೇ ಲೆಕ್ಕಾಚಾರ. ಶಕ್ತಿ ಸುಮಾರು 160 ಎಚ್‌ಪಿಗೆ ನಿಲ್ಲಬೇಕು, ಎಂಜಿನ್ 10,000 ಕಿಲೋಮೀಟರ್ ಬಾಳಬೇಕು, ಅದಕ್ಕೆ ಹಾಕಿದ ಸೀಲು ಒಡೆಯಕೂಡದು. ಅಪ್ಪನ ಜೇಬು ಎಷ್ಟೇ ದಪ್ಪಗಿರಲಿ, ಎಂಜಿನ್ನಿನೊಳಗೆ ಕೈ ಹಾಕುವಂತಿಲ್ಲ.

ಅದೇ ವರ್ಷ ಬೆಂಗಳೂರಿನ ಅರ್ಜುನ್ ಮೈನಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4ರಲ್ಲಿದ್ದರು. ಹೆಸರು ಒಂದೇ ಆದರೂ ಕಾರು ಬೇರೆ. ಕಾರ್ಬನ್ ಚಿಪ್ಪಿನ ಬದಲು ಉಕ್ಕಿನ ಕೊಳವೆಗಳ ಚೌಕಟ್ಟು, 2 ಲೀಟರಿನ ಫೋರ್ಡ್ ಎಂಜಿನ್. ಕೊಳವೆ ಸೊಟ್ಟಗಾದರೆ ಕತ್ತರಿಸಿ ಬೆಸುಗೆ ಹಾಕಬಹುದು. ಕಾರ್ಬನ್ ಬಿರುಕುಬಿಟ್ಟರೆ ರಿಪೇರಿ ಅಷ್ಟು ಸುಲಭವಲ್ಲ, ಅಗ್ಗವೂ ಅಲ್ಲ. ಎಲ್ಲರಿಗೂ ಅದೇ ಕಾರು. ಗೆದ್ದದ್ದು ಜಾರ್ಜ್ ರಸೆಲ್, ಎರಡನೆಯವರು ನಮ್ಮ ಮೈನಿ.

ಜಿಪುಣತನ ನಡೆಯದ ಜಾಗವೂ ಒಂದಿದೆ, ತಲೆ. ಭಾರತದ ಫಾರ್ಮುಲಾ 4ರಲ್ಲಿ ಈಗ ಓಡುವ, ಫ್ರಾನ್ಸಿನ ಮಿಗಾಲ್ ಕಂಪನಿಯ ಕಾರಿನಲ್ಲಿ ತಲೆಯ ಸುತ್ತ 'ಹ್ಯಾಲೊ' ಎಂಬ ಲೋಹದ ಕಮಾನು ಇದೆ. ಅದರ ಕಂಬ ನೇರ ಕಣ್ಣೆದುರಿಗೇ ನಿಲ್ಲುತ್ತದೆ. ದಾರಿ ಕಾಣುವುದು ಹೇಗೆ? ಕೂತಲ್ಲೇ ಒಂದು ಬೆರಳನ್ನು ಮೂಗಿನ ಮುಂದೆ ನಿಲ್ಲಿಸಿಕೊಂಡು, ಎರಡೂ ಕಣ್ಣು ತೆರೆದು, ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ. ಬೆರಳು ಮಸುಕಾಗುತ್ತದೆ, ತಾರೀಖು ಕಾಣುತ್ತದೆ.