ಕಾರ್ನರ್ ಹುಡುಗನ್ನ ಬೈಯೋದು ಸುಲಭ, ಕೋಚ್‌ನ ಕೇಳೋರು ಯಾರು?

ಇಯರ್‌ಫೋನ್ ಹಾಕ್ಕೊಂಡು ಲಿಂಗಸುಗೂರು ಬಸ್ಸಿಗೆ ಕಾಯ್ತಿರೋರು, ಗುರುಗುಂಟಾದಾಗ ಚಹಾ ಕುಡಿತಾ ಕುಂತೋರು, ಎಲ್ಲರೂ ಕೇಳ್ರಿ. ಇವತ್ತು ಕಬಡ್ಡಿ ಮಾತಾಡೋಣ. ರೇಡರ್ ಬಗ್ಗೆ ಅಲ್ಲ, ಅವರ ರೀಲ್ಸ್ ನಿಮ್ಮ ಫೋನಿನ್ಯಾಗ ಬೇಕಾದಷ್ಟು ಅದಾವು. ಹಿಂದೆ ನಿಂತು ಹಿಡಿಯೋರ ಬಗ್ಗೆ.

2024ರ ಪ್ರೊ ಕಬಡ್ಡಿ, 11ನೇ ಸೀಸನ್ ನೆನಪೈತಲ್ಲ? ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದಿದ್ದು ಬರೀ 2. ಸೋತಿದ್ದು 19, ಒಂದು ಟೈ. 12 ತಂಡದೊಳಗ ಕಟ್ಟಕಡೆ. ನಾಯಕ ಪ್ರದೀಪ್ ನರ್ವಾಲ್. ನಮ್ಮ ಹುಡುಗರ ವಾಟ್ಸಾಪ್ ಗ್ರೂಪಿನ್ಯಾಗ ಪ್ರತಿ ರಾತ್ರಿ ಅದೇ ರಗಳೆ: ಪ್ರದೀಪ್‌ಗೆ ವಯಸ್ಸಾತು, ಡಿಫೆಂಡರ್‌ಗೆ ಹಿಡಿಯಾಕ ಬರಲ್ಲ. ನಾನೂ ಬರೆದೀನಿ, ಸುಳ್ಳು ಯಾಕ ಹೇಳ್ಲಿ.

ಆದ್ರ ಡಿಫೆನ್ಸ್ ಅನ್ನೋದು ಒಬ್ಬನ ಆಟ ಅಲ್ರಿ. ಕಾರ್ನರ್‌ನವ ರೇಡರ್‌ನ ಕಾಲಿಗೆ ಬೀಳ್ತಾನ, ಆ್ಯಂಕಲ್ ಹೋಲ್ಡ್. ಅದೇ ಕ್ಷಣದಾಗ ಪಕ್ಕದ ಕವರ್‌ನವ ಬಂದು ಸೊಂಟ ಹಿಡೀಬೇಕು. ಅವ ಕಣ್ಣು ಮಿಟುಕಿಸೋಷ್ಟು ತಡ ಮಾಡಿದ್ರ, ರೇಡರ್ ಕಾರ್ನರ್‌ನವನ್ನ ಎಳಕೊಂಡೇ ಮಿಡ್‌ಲೈನ್ ಮುಟ್ತಾನ. ಟಿವಿಯಾಗ ಕಾಣೋದು ಕಾರ್ನರ್ ಹುಡುಗನ ತಪ್ಪು. ಪಾಯಿಂಟ್ ಹೋಗಿದ್ದು ಮಾತ್ರ ಕವರ್ ಬರಲಿಲ್ಲ ಅಂತ. ಇಬ್ಬರೂ ಒಂದೇ ಉಸಿರಿನ್ಯಾಗ ಏಳಬೇಕಂದ್ರ ಆ ಇಬ್ಬರೇ ತಿಂಗಳುಗಟ್ಟಲೆ ಒಟ್ಟಿಗೆ ಪ್ರಾಕ್ಟೀಸ್ ಮಾಡಿರಬೇಕು. ಯಾರನ್ನ ಯಾರ ಪಕ್ಕ ನಿಲ್ಲಿಸಬೇಕು, ಎಷ್ಟು ದಿನ ತಿದ್ದಬೇಕು, ಅದು ಕೋಚ್ ಕೆಲಸ.

ನಾನು ಡಿಗ್ರಿ ಓದುವಾಗ ಎಡ ಕಾರ್ನರ್ ಆಡ್ತಿದ್ದೆ. ಕಾಲೇಜಿನ ಹೆಸರು ಬ್ಯಾಡ. ಟೂರ್ನಮೆಂಟಿಗೆ ಎರಡು ವಾರ ಇದ್ದಾಗ ನಮ್ಮ ಸರ್ ದಿನಾ ಗ್ರೌಂಡ್ ಸುತ್ತ ಹತ್ತು ರೌಂಡ್ ಓಡಿಸಿದ್ರು. ಟ್ಯಾಕಲ್ ಪ್ರಾಕ್ಟೀಸ್ ಒಂದು ದಿನಾನೂ ಇಲ್ಲ. ಪಂದ್ಯದ ದಿನ ಬೆಳಿಗ್ಗೆ ನನ್ನ ಪಕ್ಕದ ಕವರ್‌ಗೆ ಒಬ್ಬ ರೇಡರ್‌ನ ತಂದು ನಿಲ್ಲಿಸಿದ್ರು. ನಾಲ್ಕು ಸಲ ಕಾಲಿಗೆ ಬಿದ್ದೆ, ನಾಲ್ಕು ಸಲಾನೂ ಅವ ನಿಂತಲ್ಲೇ ನಿಂತಿದ್ದ. ಪಾಪ, ಅವನಿಗೆ ಯಾರೂ ಹೇಳೇ ಕೊಟ್ಟಿರಲಿಲ್ಲ. ಹಾಫ್ ಟೈಮಿನ್ಯಾಗ ಸರ್ ಎಲ್ಲರ ಮುಂದ ನನಗ ಕೇಳಿದ್ರು, "ರೊಟ್ಟಿ ತಿಂದಿಲ್ಲೇನಲೇ?" ಜನ ನಕ್ಕರು. ಮರುವರ್ಷ ನಾನು ತಂಡಕ್ಕ ಹೆಸರು ಕೊಡಲಿಲ್ಲ. ಮಂಡಿ ನೋವು ಅಂತ ಮನ್ಯಾಗ ಹೇಳಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ಬ್ಯಾರೇನೇ ಆಟ. ಅಲ್ಲಿ ಐದು ಜನ ಗಟ್ಟಿ ಆಳುಗಳು ಗೋಡೆಯಂಗ ನಿಂತು, ಚೆಂಡು ಎಸೆಯೋನನ್ನ ಕಾಯ್ತಾರ. ಆ ಐದು ಮಂದಿಗಂತಾನೇ ಬ್ಯಾರೆ ಕೋಚ್ ಇರ್ತಾರ. ಗೋಡೆ ಬಿದ್ರ ಯಾರನ್ನ ಕೇಳಬೇಕು ಅಂತ ಎಲ್ಲರಿಗೂ ಗೊತ್ತಿರ್ತೈತಿ. ನಮ್ಮ ಕಡೆ ಎಷ್ಟೋ ಕಾಲೇಜಿನ್ಯಾಗ ವಾಲಿಬಾಲ್, ಖೋಖೋ, ಕಬಡ್ಡಿ ಎಲ್ಲಕ್ಕೂ ಒಬ್ಬರೇ ಸರ್. ಅವರ ಕಷ್ಟಾನೂ ಒಪ್ಕೋತೀನಿ. ಆದ್ರ ಕಷ್ಟ ಐತಿ ಅಂತ ಹುಡುಗನ ಮರ್ಯಾದಿ ತೆಗೀಬೇಕೇನು?

ಬುಲ್ಸ್ ಕಡೆ ಬರೋಣ. ರಣಧೀರ್ ಸಿಂಗ್ ಸೆಹ್ರಾವತ್ 2014ರ ಮೊದಲ ಸೀಸನ್‌ನಿಂದ ಕೋಚ್. 2019ರ ಜನವರಿಯಾಗ ಗುಜರಾತ್ ವಿರುದ್ಧ 38-33ರಿಂದ ಕಪ್ ಗೆದ್ದಾಗ ನಾವೆಲ್ಲ ಅವರನ್ನ ಹೊಗಳಿದ್ದೇ ಹೊಗಳಿದ್ದು. 11ನೇ ಸೀಸನ್ ಆದಮ್ಯಾಲೆ ಅವರ ಜಾಗಕ್ಕ ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಬಂದ್ರು. ಬೆಂಗಾಲ್ ವಾರಿಯರ್ಸ್, ಪುಣೇರಿ ಪಲ್ಟನ್ ಎರಡಕ್ಕೂ ಕಪ್ ಗೆಲ್ಲಿಸಿದ ಕೋಚ್. 2025ರಾಗ ಮೊದಲ ಮೂರೂ ಪಂದ್ಯ ಸೋತ್ರು. ಗ್ರೂಪಿನ್ಯಾಗ ಮತ್ತ ಬೈಗುಳ ಶುರು. ಆಮ್ಯಾಲೆ ಅದೇ ತಂಡ ಪ್ಲೇಆಫ್‌ಗೆ ಹೋತು.

ಕೋಚ್ ಬದಲಾದ್ರ ಎಲ್ಲ ಸರಿ ಆಗ್ತೈತಿ ಅಂತ ಇದರ ಅರ್ಥ ಅಲ್ಲ. ಆಟಗಾರರೂ ಬದಲಾಗಿದ್ರು, ಇರಾನಿನ ಅಲಿರೇಜಾ ಮಿರ್ಜಾಯನ್ ರೇಡ್ ಮಾಡಿದ್ದು ನೀವೂ ನೋಡೀರಿ. ನನಗ ಬೇಜಾರಾಗೋದು ಬ್ಯಾರೆ ಕಡೆ. ಹಳೆ ಕೋಚ್ ಹೋದ್ರು, ಆದ್ರ ಆ 19 ಸೋಲಿನ್ಯಾಗ ಏನು ತಪ್ಪಾತು, ಹರಾಜಿನ್ಯಾಗ ಆ ತಂಡ ಆರಿಸಿದ್ದು ಯಾರ ಲೆಕ್ಕ, ಇದನ್ನ ನಾವು ಅಭಿಮಾನಿಗಳು ಗಟ್ಟಿಯಾಗಿ ಕೇಳಲೇ ಇಲ್ಲ. ಆಳು ಬದಲಾದ ಕೂಡಲೇ ಸಮಾಧಾನ ಆದ್ವಿ.

ಈಗ ಸಂಜಿ ಹೊತ್ತು ನಮ್ಮೂರ ಹೈಸ್ಕೂಲ್ ಹುಡುಗರು ಆಡೋ ಕಡೆ ಹೋಗಿ ನಿಲ್ತೀನಿ. ಫೋನಿನ್ಯಾಗ ಪ್ರತಿ ಟ್ಯಾಕಲ್ ರೆಕಾರ್ಡ್ ಮಾಡಿ, ನಿಧಾನಕ್ಕ ಓಡಿಸಿ ತೋರಿಸ್ತೀನಿ. ಮೊನ್ನೆ ಒಬ್ಬ ಕಾರ್ನರ್ ಹುಡುಗ ವಿಡಿಯೋ ಎರಡು ಸಲ ನೋಡಿ, "ಅಣ್ಣಾ, ನಾ ಹಿಡಿದಿದ್ದೆ ನೋಡು" ಅಂದ. ಪಕ್ಕದ ಕವರ್ ಹುಡುಗ ತಲೆ ಕೆರಕೊಂಡು, "ಇನ್ನೊಂದ್ಸಲ ಮಾಡೋಣ ಬಾ" ಅಂತ ಕೋರ್ಟಿಗೆ ಹೋದ.